ಸಹಾಯ ಬೇಕು: ಬೇರೆ ನೋಡ್‌ಗೆ ಹೋಗಿ ಕೂತ ಔಟ್‌ಪುಟ್ ತಿರುಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಹೆಬ್ಬಾಳದಲ್ಲಿ ರಾತ್ರಿ ಪಾಳಿಯ ಮೇನ್‌ಫ್ರೇಮ್ ಆಪರೇಟರ್. ಜೆಇಎಸ್2 (ಮೇನ್‌ಫ್ರೇಮ್‌ನ ಜಾಬ್, ಔಟ್‌ಪುಟ್ ನೋಡಿಕೊಳ್ಳುವ ಸಾಫ್ಟ್‌ವೇರ್), ಎನ್‌ಜೆಇ (ನೋಡ್‌ಗಳ, ಅಂದರೆ ಜಾಲದಲ್ಲಿರುವ ಸಿಸ್ಟಮ್‌ಗಳ, ನಡುವೆ ಅವನ್ನು ಕಳಿಸುವ ವ್ಯವಸ್ಥೆ) ಗೊತ್ತಿರುವವರು ದಯವಿಟ್ಟು ನೋಡಿ.

ನಮ್ಮ ನೋಡ್‌ನಿಂದ ಸಬ್ಮಿಟ್ ಮಾಡಿದ ಜಾಬ್ /*ರೂಟ್ ಎಕ್ಸ್‌ಇಕ್ಯೂ ಕಾರ್ಡ್ (ಜಾಬ್ ಎಲ್ಲಿ ಓಡಬೇಕು ಎಂದು ಹೇಳುವ ಸಾಲು) ಮೂಲಕ ಎರಡನೇ ನೋಡ್‌ನಲ್ಲಿ ಓಡುತ್ತದೆ. ಸುಮ್ನೆ ಬಿಟ್ಟರೆ ಔಟ್‌ಪುಟ್ ನಮ್ಮಲ್ಲಿಗೇ ವಾಪಸ್ ಬರುತ್ತದೆ, ಅಲ್ವಾ? ಆದರೆ ರಿಪೋರ್ಟ್ ಮೂರನೇ ನೋಡ್‌ನಲ್ಲಿ ಪ್ರಿಂಟ್ ಆಗಬೇಕು. ಅದಕ್ಕೆ /*ರೂಟ್ ಪ್ರಿಂಟ್ ಹಾಕಿದೆ. ಜಾಬ್ ಲಾಗ್ ಸರಿಯಾಗಿ ಅಲ್ಲಿಗೆ ಹೋಯಿತು, ರಿಪೋರ್ಟ್ ಮಾತ್ರ ಹೋಗಲಿಲ್ಲ. ಹುಡುಕಿದರೆ ಆ ರಿಪೋರ್ಟ್‌ನ ಡಿಡಿ ಸಾಲಿನಲ್ಲೇ (ಜಾಬ್‌ನ ಫೈಲ್, ಔಟ್‌ಪುಟ್‌ಗಳನ್ನು ಹೇಳುವ ಸಾಲು) ಯಾರೋ ಹಳೆಯ ಡೆಸ್ಟ್ (ಔಟ್‌ಪುಟ್ ಹೋಗಬೇಕಾದ ಜಾಗ) ಬರೆದಿದ್ದರು. ರೂಟ್ ಕಾರ್ಡ್‌ಗಿಂತ ಅದರ ಮಾತೇ ನಡೆಯುತ್ತದೆ. ಅದನ್ನು ಸರಿಮಾಡಿದ್ದೇನೆ.

ಈಗ ಉಳಿದಿರುವುದು ಹಳೆಯ ರಿಪೋರ್ಟ್‌ಗಳು. ನಮ್ಮ ಸ್ಪೂಲ್‌ನಲ್ಲಿ (ಔಟ್‌ಪುಟ್ ಕಾದು ಕೂರುವ ಡಿಸ್ಕ್ ಜಾಗ) ಇದ್ದವನ್ನು ಎಸ್‌ಡಿಎಸ್‌ಎಫ್‌ನಲ್ಲಿ (ಸ್ಪೂಲ್ ನೋಡುವ, ತಿದ್ದುವ ಪರದೆ) ಡೆಸ್ಟ್ ಕಾಲಂ ತಿದ್ದಿ ಕಳಿಸಿದೆ. ಲೈನ್ ದಾಟಿ ತಪ್ಪು ನೋಡ್ ಸೇರಿದವು ಅಲ್ಲೇ ಇವೆ. $ಜಿ ಆರ್ ಕಮಾಂಡ್‌ನಿಂದ ಇಲ್ಲಿಂದಲೇ ತಿರುಗಿಸಬಹುದು ಎಂದು ಓದಿದ್ದೇನೆ. ಯಾರಾದರೂ ನಿಜವಾಗಿ ಮಾಡಿದ್ದೀರಾ? ಒಂದೊಂದೇ ಜಾಬ್ ನಂಬರ್ ಕೊಡಬೇಕಾ? ಆ ಕಡೆಯವರು ಏನಾದರೂ ಅನುಮತಿ ಕೊಟ್ಟಿರಬೇಕಾ?

ಮತ್ತೆ ಜಾಬ್ ಓಡಿಸಿ ಅನ್ನಬೇಡಿ, ಫೈಲ್‌ಗಳು ಅಪ್‌ಡೇಟ್ ಆಗಿಬಿಟ್ಟಿವೆ. ಬೆಳಗಿನ ಪಾಳಿಯವರು ಈ ರಿಪೋರ್ಟ್‌ಗಳಿಗೇ ಕಾಯುತ್ತಿದ್ದಾರೆ. ಕಮಾಂಡ್ ಪೂರ್ತಿ ಬರೆದು ತಿಳಿಸಿದರೆ ತುಂಬಾ ಉಪಕಾರ.