ಬೋರರ್ ಹುಳ ಅಂತ ಗೊತ್ತಾಗುವ ಹಾಗೆ ಫೋಟೋ ತೆಗೆಯೋದು ಹೇಗೆ?

ತೋಟಕ್ಕೆ ಹೊಸಬಳು, ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ. ಅಪ್ಪ ತೀರಿಕೊಂಡ ಮೇಲೆ ಈ ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಗೇಟಿನ ಹತ್ತಿರ ಹನ್ನೊಂದು ಗಿಡ ಹಳದಿ ತಿರುಗಿ ಬಾಡಿವೆ. ಎಲೆ ಫೋಟೋ ತೆಗೆದು ಇಬ್ಬರಿಗೆ ಕಳಿಸಿದೆ. ಒಬ್ಬರು ಗೊಬ್ಬರ ಸಾಲದು ಅಂದರು, ಇನ್ನೊಬ್ಬರು ಬೇರು ರೋಗ ಅಂದರು. ಕಾಂಡ ಕೊರೆಯುವ ಬೋರರ್ ಹುಳ ಇರಬಹುದಾ? ಯಾವ ಫೋಟೋ ತೆಗೆದರೆ ಗೊತ್ತಾಗುತ್ತದೆ?

ಕೊಪ್ಪದವನು:
ಒಂದು ಗಿಡ ಬೇರು ಸಮೇತ ಕಿತ್ತು ನೋಡಿ. ಬೇರು ಚೆನ್ನಾಗಿದ್ದರೆ ಬೇರು ರೋಗ ಅಲ್ಲ.

ಹಾನುಬಾಳು ತೋಟ:
ತಂಗಿ, ಎಲೆ ಫೋಟೋ ಬಿಡಿ. ಎಲೆ ಹಳದಿಯಾಗುವುದಕ್ಕೆ ಹತ್ತು ಕಾರಣ ಇರುತ್ತವೆ. ಬೋರರ್ ಇರುವುದು ಕಾಂಡದ ಒಳಗೆ. ಬುಡದ ಮೇಲಿನ ಪಾಚಿ ಮೆಲ್ಲಗೆ ಒರೆಸಿ. ಹಗ್ಗ ಸುತ್ತಿ ಅದರ ಮೇಲೆ ತೊಗಟೆ ಬೆಳೆದ ಹಾಗೆ ಉಬ್ಬು ಗೆರೆ ಇದೆಯಾ ನೋಡಿ. ಹುಳ ಒಳಗೆ ಕೊರೆದುಕೊಂಡು ಹೋದ ದಾರಿ ಅದು.

ಈ ಗೆರೆ ಫೋಟೋದಲ್ಲಿ ಸುಲಭಕ್ಕೆ ಬೀಳಲ್ಲ. ಎದುರಿನಿಂದ ಬೆಳಕು ಬಿದ್ದರೆ ಕಾಂಡ ಚಪ್ಪಟೆಯಾಗಿ ಕಾಣುತ್ತದೆ, ಫ್ಲ್ಯಾಶ್ ಹಾಕಿದರೂ ಅಷ್ಟೇ. ನಾನು ಫೋನನ್ನು ಎದುರಿಗೆ ಹಿಡಿಯುತ್ತೇನೆ. ಜೊತೆಗೆ ಬಂದ ಆಳು ಟಾರ್ಚನ್ನು ಕಾಂಡದ ಪಕ್ಕದಿಂದ ಬಿಡುತ್ತಾನೆ. ಉಬ್ಬಿನ ನೆರಳು ಬಿದ್ದ ಕೂಡಲೇ ಗೆರೆ ಎದ್ದು ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಇಟ್ಟುಕೊಳ್ಳಿ. ಆಮೇಲೆ ಕಿತ್ತ ಗಿಡದ ಕಾಂಡ ಸೀಳಿ ಇನ್ನೊಂದು ಫೋಟೋ ತೆಗೆಯಿರಿ. ಬೋರರ್ ಆಗಿದ್ದರೆ ಸುರಂಗದ ತುಂಬಾ ಪುಡಿ ಒತ್ತಿ ತುಂಬಿದ ಹಾಗೆ ಇರುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ತೋರಿಸುವುದಾದರೆ ಈ ಎರಡು ಫೋಟೋ ಬೇಕೇ ಬೇಕು.

ಇನ್ನೊಂದು ಫೋಟೋ ಯಾರೂ ತೆಗೆಯಲ್ಲ. ಗಿಡದ ಬುಡದಲ್ಲಿ ನಿಂತು ನೇರ ತಲೆ ಮೇಲಿನ ಆಕಾಶದ ಫೋಟೋ. ಬೋರರ್ ಹುಳ ಬೆಳೆದು ದುಂಬಿಯಾಗುತ್ತದೆ, ಆ ದುಂಬಿಗೆ ಬಿಸಿಲು ಅಂದರೆ ಇಷ್ಟ. ಬಿಸಿಲು ಬೀಳುವ ಕಾಂಡ ಹುಡುಕಿಕೊಂಡು ಬಂದು ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ನಾಲ್ಕು ವರ್ಷದ ಹಿಂದೆ ದೊಡ್ಡ ಹಲಸಿನ ಮರ ಗಾಳಿಗೆ ಬಿತ್ತು. ಆಮೇಲಿನ ಎರಡು ಟ್ರೇಸಿಂಗ್‌ನಲ್ಲಿ, ಅಂದರೆ ಹುಳ ಬಿದ್ದ ಗಿಡ ಹುಡುಕಿ ಕೀಳುವಾಗ, ಆ ಜಾಗದ ಸುತ್ತ ಮೂವತ್ತು ಗಿಡ ಹೋದವು. ಎಲ್ಲ ನನ್ನ ಅಜ್ಜ ನೆಟ್ಟ ಗಿಡಗಳು. ಕಿತ್ತ ಪ್ರತಿ ಗಿಡದ ಜಾಗ ಬರೆದಿಟ್ಟು, ಫೋಟೋ ಜೋಡಿಸಿ ನೋಡಿದಾಗಲೇ ನನಗೆ ಹೊಳೆದದ್ದು. ಈಗ ಅಲ್ಲಿ ನೆರಳಿಗೆ ಅಂತ ಹಾಲುವಾಣದ ಮರ ಹಾಕಿದ್ದೇನೆ. ನಿಮ್ಮ ಗೇಟಿನ ಹತ್ತಿರ ಮರ ಏನಾದರೂ ಕಡಿಸಿದ್ದೀರಾ?

ತೋಟಕ್ಕೆ ಹೊಸಬಳು, ಮೂಡಿಗೆರೆ:
ಹೌದು ಅಣ್ಣ! ಲಾರಿ ತಿರುಗಲಿ ಅಂತ ಹೋದ ವರ್ಷ ಎರಡು ಸಿಲ್ವರ್ ಓಕ್ ಕಡಿಸಿದ್ದೆವು. ಟಾರ್ಚ್ ಹಿಡಿದು ನೋಡಿದೆ. ಹನ್ನೊಂದರಲ್ಲಿ ಎಂಟಕ್ಕೆ ಗೆರೆ ಇದೆ. ಸೀಳಿದರೆ ಬಿಳಿ ಹುಳ ಸಿಕ್ಕಿತು. ಬೇರು ಚೆನ್ನಾಗಿಯೇ ಇದೆ. ಎಂಟನ್ನೂ ಕೀಳಿಸಿ ಸೌದೆಗೆ ಅಂತ ಶೆಡ್ಡಿನಲ್ಲಿ ಜೋಡಿಸಿದ್ದೇನೆ.

ಹಾನುಬಾಳು ತೋಟ:
ಅಯ್ಯೋ, ಶೆಡ್ಡಿನಲ್ಲಿ ಇಡಬೇಡಿ. ಗಿಡ ಕಿತ್ತರೂ ಒಳಗಿನ ಹುಳ ಸಾಯಲ್ಲ. ಸೌದೆಯಲ್ಲೇ ಬೆಳೆದು ದುಂಬಿಯಾಗಿ ಹೊರಗೆ ಬರುತ್ತದೆ. ಈಗ ಸೆಪ್ಟೆಂಬರ್. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹಾರುವ ಕಾಲ, ಆಮೇಲೆ ಮತ್ತೆ ಏಪ್ರಿಲ್, ಮೇ. ಇವತ್ತೇ ಸುಟ್ಟುಬಿಡಿ. ಮಳೆಗೆ ಬೆಂಕಿ ಹತ್ತದಿದ್ದರೆ ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗುವ ಹಾಗೆ ಕಲ್ಲು ಹೇರಿ ಹತ್ತು ದಿನ ಬಿಡಿ. ಆಮೇಲೆ ಸೌದೆ ಮಾಡಿಕೊಳ್ಳಬಹುದು.

ಗೆರೆ ಇಲ್ಲದ ಆ ಮೂರು ಗಿಡ ಮಾತ್ರ ಸುಮ್ನೆ ಕೀಳಬೇಡಿ. ಕೆಂಪು ರಿಬ್ಬನ್ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಅದೇ ಬದಿಯಿಂದ, ಅದೇ ಟಾರ್ಚಿನಲ್ಲಿ ಫೋಟೋ ತೆಗೆದು ಇಲ್ಲೇ ಹಾಕಿ, ನೋಡುತ್ತೇನೆ.

ತೋಟಕ್ಕೆ ಹೊಸಬಳು, ಮೂಡಿಗೆರೆ:
ಸಂಜೆಯೇ ತೊಟ್ಟಿಗೆ ಹಾಕಿಸಿದೆ ಅಣ್ಣ. ರಿಬ್ಬನ್ ನಾಳೆ ಬೆಳಿಗ್ಗೆ ಕಟ್ಟುತ್ತೇನೆ.