ಅಕ್ಕಿಯೇ ಬೇಕಾ, ಅಕೌಂಟಿಗೆ ದುಡ್ಡು ಸಾಕಾ?

ಬಯಲುಸೀಮೆ:
ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅದನ್ನು ಬಿಟ್ಟು ಮತ್ತೆ ಅಕ್ಕಿಗೇ ಬಂದರು. ನನಗೆ ದುಡ್ಡೇ ಸರಿ ಅನಿಸುತ್ತದೆ. ನಮ್ಮ ಕಡೆ ಮುದ್ದೆ ಉಣ್ಣುವವರೇ ಜಾಸ್ತಿ. ಅಕ್ಕಿ ಮಿಕ್ಕಿದರೆ ಕೊಳ್ಳುವವರು ಗಾಡಿ ತಂದು ಮನೆ ಮುಂದೆ ನಿಲ್ಲಿಸುತ್ತಾರೆ, ಅವರು ಹೇಳಿದ್ದೇ ರೇಟು. ದುಡ್ಡಾದರೆ ಬೇಳೆ ತರುತ್ತಾರೋ ಎಣ್ಣೆ ತರುತ್ತಾರೋ, ಅದು ಮನೆಯವರ ಇಷ್ಟ ಅಲ್ವಾ?

ಮಲೆನಾಡಿನವಳು:
170 ರೂಪಾಯಿಗೆ 5 ಕೆಜಿ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಣ್ಣ? ಕೆಜಿಗೆ 34 ಅನ್ನುವುದು ಎಫ್‌ಸಿಐ (ಕೇಂದ್ರದ ಆಹಾರ ನಿಗಮ) ರೇಟು, ಅಂಗಡಿಯದ್ದಲ್ಲ. ಅಂಗಡಿಯಲ್ಲಿ ರೇಟು ಏರಿದರೂ 170 ಏರಲಿಲ್ಲ. ನಮ್ಮೂರಲ್ಲಿ ನ್ಯಾಯಬೆಲೆ ಅಂಗಡಿಗೆ ನಡೆದು ಹೋಗಬಹುದು, ಬ್ಯಾಂಕಿಗೆ ಪೇಟೆಗೇ ಹೋಗಬೇಕು. ಹೆಂಗಸರಿಗೆ ಬಸ್ಸು ಫ್ರೀ, ಒಪ್ಪಿದೆ. ಆದರೆ ಬರುವುದೇ ದಿನಕ್ಕೆರಡು ಬಸ್ಸು. ಹೋಗಿಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು.

ತುಮಕೂರು ಹುಡುಗ:
ಇಬ್ಬರ ಮಾತೂ ನಿಜ, ಆದರೆ ಮೂಲದ ತೊಂದರೆ ಬೇರೆ ಇದೆ. ಗ್ಯಾಸ್ ಸಬ್ಸಿಡಿ ನೇರವಾಗಿ ಅಕೌಂಟಿಗೆ ಹಾಕುವುದನ್ನು 2013ರ ಜೂನ್‌ನಲ್ಲಿ ಶುರು ಮಾಡಿದಾಗ ಮೊದಲ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಮೊದಲು ಪೂರ್ತಿ ದುಡ್ಡು ಕೊಟ್ಟು ಸಿಲಿಂಡರ್ ತಗೊಳ್ಳಬೇಕು, ಸಬ್ಸಿಡಿ ಆಮೇಲೆ ಬರುತ್ತದೆ. ಆಧಾರ್ ಲಿಂಕ್ ಆಗದವರಿಗೆ ಅದೂ ಇಲ್ಲ. ಗಲಾಟೆ ಜಾಸ್ತಿಯಾಗಿ 2014ರಲ್ಲಿ ನಿಲ್ಲಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದಾಗ ಆಧಾರ್ ಇಲ್ಲದಿದ್ದರೂ ಬರೀ ಅಕೌಂಟ್ ನಂಬರ್ ಕೊಟ್ಟರೆ ಸಬ್ಸಿಡಿ ಬರುವ ಇನ್ನೊಂದು ದಾರಿ ಇಟ್ಟರು. ಆ ಎರಡನೇ ದಾರಿ ಈಗ ಎಷ್ಟು ಯೋಜನೆಗಳಲ್ಲಿ ಇದೆ? ಬೇಕಾಗಿರುವುದು ಅದೇ.

ಬಯಲುಸೀಮೆ:
ಒಂದೇ ದಾರಿ ಇದ್ದರೆ ಕಳ್ಳ ಹೆಸರುಗಳು ಕಡಿಮೆಯಾಗುತ್ತವೆ. ಮಧ್ಯದವರ ಕೈಗೂ ದುಡ್ಡು ಸಿಗುವುದಿಲ್ಲ.

ಬ್ಯಾಂಕ್ ಮಿತ್ರ:
ನಾನು ಬ್ಯಾಂಕಿನ ಪರವಾಗಿ ಊರಲ್ಲೇ ಜನರಿಗೆ ದುಡ್ಡು ಕೊಡುವ ಕೆಲಸ ಮಾಡುವವನು, ನೋಡಿದ್ದನ್ನು ಹೇಳುತ್ತೇನೆ. ವೃದ್ಧಾಪ್ಯ ವೇತನ ನಿಂತುಹೋಗಿದೆ ಅಂತ ಒಬ್ಬ ಅಜ್ಜಿ ಬಂದಿದ್ದರು. ಪಾಸ್‌ಬುಕ್ಕಲ್ಲಿ ತಿಂಗಳುಗಟ್ಟಲೆ ಒಂದು ಎಂಟ್ರಿಯೂ ಇಲ್ಲ. ಅಡಿಕೆ ಸುಲಿದು ಸುಲಿದು ಹೆಬ್ಬೆಟ್ಟಿನ ಗೆರೆ ಸವೆದುಹೋಗಿತ್ತು. ಮೆಷೀನು ತಗೊಳ್ಳಲೇ ಇಲ್ಲ, ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಇಡಿಸಿದ ಮೇಲೆ ಆಯಿತು. ಆಮೇಲೆ ನೋಡಿದರೆ ದುಡ್ಡು ನಿಂತೇ ಇಲ್ಲ, ಇನ್ನೊಂದು ಬ್ಯಾಂಕಿಗೆ ಹೋಗುತ್ತಿತ್ತು! ಯಾವುದೋ ಕ್ಯಾಂಪಲ್ಲಿ ಇವರ ಹೆಸರಲ್ಲಿ ಹೊಸ ಅಕೌಂಟ್ ಮಾಡಿಸಿದ್ದರು. ಎಲ್ಲಕ್ಕಿಂತ ಕೊನೆಯಲ್ಲಿ ಯಾವ ಬ್ಯಾಂಕಲ್ಲಿ ಆಧಾರ್ ಸೀಡ್ (ಜೋಡಣೆ) ಆಗಿರುತ್ತದೋ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಯಾರ ಆಧಾರ್ ದುಡ್ಡು ಯಾವ ಬ್ಯಾಂಕಿಗೆ ಅನ್ನುವ ಪಟ್ಟಿ, ಅದಕ್ಕೇ ತಿರುಗುತ್ತದೆ. ಅಜ್ಜಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಕಳ್ಳ ಹೆಸರು ತೆಗೆಯುವುದು ಸರಿ ಸಾರ್, ಆದರೆ ಇವರದ್ದು ನಿಜವಾದ ಹೆಸರು.

ಮಲೆನಾಡಿನವಳು:
ಇನ್ನೊಂದು ಸಂಗತಿ. ನಮ್ಮ ಸಂಘದ ಒಬ್ಬಳಿಗೆ ಗೃಹಲಕ್ಷ್ಮಿಯ 2000 ಬಂತು, ಬ್ಯಾಂಕಿನವರು ಹಳೇ ಸಾಲಕ್ಕೆ ಹಿಡಿದುಕೊಂಡರು. ನೇರ ವರ್ಗಾವಣೆ ಅಂದರೆ ನೇರ ಸಾಲದ ಖಾತೆಗಾ? ಇಂಥ ದುಡ್ಡನ್ನು ಸಾಲಕ್ಕೆ ಮುರಿದುಕೊಳ್ಳಬಾರದು, ಯಾರ ಸಾಲವೇ ಆಗಲಿ.

ಬಯಲುಸೀಮೆ:
ಅದು ಅನ್ಯಾಯವೇ, ನಾನೂ ಒಪ್ಪುತ್ತೇನೆ. ಆದರೂ ಅದೇ 2000ವನ್ನು ಕಚೇರಿಯಲ್ಲಿ ಕೂತು ಕೈಗೆ ಕೊಟ್ಟಿದ್ದರೆ ಅವಳಿಗೆ ಎಷ್ಟು ಸಿಗುತ್ತಿತ್ತು? ಮನಿಯಾರ್ಡರ್‌ನಲ್ಲಿ ಪಿಂಚಣಿ ಬರುತ್ತಿದ್ದ ಕಾಲದಲ್ಲಿ ನಮ್ಮಜ್ಜಿ ಪ್ರತಿ ತಿಂಗಳು ಒಂದಿಷ್ಟು ಬಿಟ್ಟುಕೊಟ್ಟೇ ಉಳಿದದ್ದು ಪಡೆಯುತ್ತಿದ್ದರು. ಆ ಕಾಲಕ್ಕೆ ವಾಪಸ್ ಹೋಗುವುದು ಬೇಡ.

ತುಮಕೂರು ಹುಡುಗ:
ವಾಪಸ್ ಹೋಗಿ ಅಂತ ಯಾರೂ ಹೇಳುತ್ತಿಲ್ಲ. ಗೃಹಲಕ್ಷ್ಮಿ, ಪಿಂಚಣಿ ಅಕೌಂಟಿಗೇ ಬರಲಿ. ಊಟದ ಅಕ್ಕಿ ಮಾತ್ರ ಅಕ್ಕಿಯಾಗಿಯೇ ಬರಲಿ, ಕೇಂದ್ರದವರು 2025ರಲ್ಲಿ ಕೆಜಿಗೆ 22.50ಕ್ಕೆ ಕೊಡುತ್ತೇವೆ ಅಂದಮೇಲೆ 34 ಹಂಚುವ ಲೆಕ್ಕವೇ ಉಳಿಯಲಿಲ್ಲ. ರಾಗಿ ಬೇಕಾದ ಕಡೆ ರಾಗಿ ಕೊಡಲಿ. ಮ್ಯಾಪಿಂಗ್ ಬದಲಾದರೆ ಮೊದಲು ಅವರಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ.

ಬ್ಯಾಂಕ್ ಮಿತ್ರ:
ಮೆಸೇಜ್ ಓದಲು ಬಾರದವರಿಗೆ ಫೋನ್ ಮಾಡಬೇಕು. ಸದ್ಯಕ್ಕೆ, ಮನೆಯಲ್ಲಿ ವಯಸ್ಸಾದವರಿದ್ದರೆ ನೇರ ವರ್ಗಾವಣೆಯ ದುಡ್ಡು ನೋಡುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಅವರ ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತಿದೆ ಅಂತ ಒಮ್ಮೆ ನೋಡಿಕೊಡಿ. ನಿಮಗೆ ಐದು ನಿಮಿಷದ ಕೆಲಸ.