ಶನಿವಾರದ ಸಂಬಳ ಬಿಡಲೇ, ತರಬೇತಿ ಬಿಡಲೇ?

ಕಳೆದ ವಾರದ ಸಮಸ್ಯೆ: ನಾನು ಪಾವಗಡ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮ. ಈಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಪದವಿ ವಿದ್ಯಾರ್ಥಿಗಳಿಗಾಗಿ ಇಲ್ಲಿ ನಡೆಸುವ ನಾಯಕತ್ವ ತರಬೇತಿಗೆ ಅರ್ಜಿ, ಗುಂಪು ಚರ್ಚೆ, ಸಂದರ್ಶನ ದಾಟಿ ಇಪ್ಪತ್ತನಾಲ್ಕು ಮಂದಿ ಆಯ್ಕೆಯಾದೆವು. ಉಳಿದವರೆಲ್ಲ ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷ್ ಮಾತನಾಡುತ್ತಾರೆ. ಎರಡು ತರಗತಿ ಮುಗಿದರೂ ನಾನು ಬಾಯಿ ಬಿಟ್ಟಿಲ್ಲ. ನನ್ನನ್ನು ಲೆಕ್ಕ ತಪ್ಪಿ ಆರಿಸಿರಬೇಕು ಎನಿಸುತ್ತದೆ. ತರಗತಿ ನಡೆಯುವುದು ಶನಿವಾರ. ಶನಿವಾರ, ಭಾನುವಾರ ನಾನು ಮಲ್ಲೇಶ್ವರದ ಸೀರೆ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಪಿ.ಜಿ. ಬಾಡಿಗೆಯ ಅರ್ಧ ಅದರಿಂದಲೇ ಬರಬೇಕು. ಅಪ್ಪ ‘ಅದೆಲ್ಲ ನಮಗೆ ಬೇಡ, ಬಿಟ್ಟುಬಿಡು’ ಎನ್ನುತ್ತಾರೆ. ಏನು ಮಾಡಲಿ?

ಓದುಗರ ಸ್ಪಂದನ

ಮಗಳೇ, ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಲೆಕ್ಕ ತಪ್ಪಿ’ ಎಂಬ ಮಾತು. ಇಂಥ ಆಯ್ಕೆ ಸಮಿತಿಗಳಲ್ಲಿ ಹಲವು ವರ್ಷ ಕುಳಿತವಳು ನಾನು. ಎಂಟು ಹತ್ತು ಮಕ್ಕಳನ್ನು ದುಂಡಗೆ ಕೂರಿಸಿ, ಒಂದು ವಿಷಯ ಕೊಟ್ಟು, ನಾವು ಅಂಕಪಟ್ಟಿ ಹಿಡಿದು ಗೋಡೆ ಬದಿಗೆ ಸರಿಯುತ್ತಿದ್ದೆವು. ಹೆಚ್ಚು ಮಾತನಾಡಿದವರಿಗೆ ಹೆಚ್ಚು ಅಂಕ ಎಂದು ಮಕ್ಕಳು ತಿಳಿದಿರುತ್ತಾರೆ. ನಾವು ನೋಡುತ್ತಿದ್ದದ್ದೇ ಬೇರೆ. ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವರು ಯಾರು? ಯಾರು ಬಾಯಿ ತೆರೆದ ಮೇಲೆ ಚರ್ಚೆ ಒಂದು ಹೆಜ್ಜೆ ಮುಂದೆ ಹೋಯಿತು? ತನ್ನ ಮಾತು ತಪ್ಪೆಂದು ಗೊತ್ತಾದಾಗ ಒಪ್ಪಿಕೊಂಡವರು ಯಾರು?

ಒಂದು ವರ್ಷ ವಿದ್ಯಾರ್ಥಿನಿಲಯಗಳ ಕಸದ ವಿಷಯ ಕೊಟ್ಟಿದ್ದೆವು. ಇಬ್ಬರು ಹುಡುಗರು ಪೈಪೋಟಿಗೆ ಬಿದ್ದು ಮಾತನಾಡುತ್ತಿದ್ದರು. ಒಬ್ಬ ಹುಡುಗಿ ಹತ್ತು ನಿಮಿಷ ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತಿದ್ದವಳು, ಪಕ್ಕದ ಹುಡುಗನತ್ತ ತಿರುಗಿ, ‘ನೀವು ಆಗಿನಿಂದ ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದೀರಿ, ಹೇಳಿ’ ಎಂದಳು, ಕನ್ನಡದಲ್ಲೇ. ಆ ಹುಡುಗ ವಿದ್ಯಾರ್ಥಿನಿಲಯದಲ್ಲೇ ಇದ್ದವನು. ಹಸಿ ಕಸ, ಒಣ ಕಸ ಎಂದು ಮಕ್ಕಳು ಬೇರೆ ಮಾಡಿಟ್ಟದ್ದನ್ನು ಬೆಳಿಗ್ಗೆ ಎರಡನ್ನೂ ಒಂದೇ ಗಾಡಿಗೆ ಸುರಿಯುತ್ತಾರೆ ಎಂದ. ಅಲ್ಲಿಗೆ ಚರ್ಚೆ ನೆಲಕ್ಕಿಳಿಯಿತು. ಆ ಹುಡುಗಿ ಒಟ್ಟು ಆಡಿದ್ದು ನಾಲ್ಕೇ ವಾಕ್ಯ. ಕೊನೆಗೆ ಪಟ್ಟಿಗಳನ್ನು ಜೋಡಿಸಿ ನೋಡಿದರೆ, ಮೂವರು ಪರೀಕ್ಷಕರೂ ಅವಳ ಹೆಸರಿಗೆ ಗುರುತು ಹಾಕಿದ್ದೆವು. ನಿನ್ನನ್ನು ಆರಿಸಿದವರೂ ನಿನ್ನಲ್ಲಿ ಏನನ್ನೋ ಕಂಡೇ ಆರಿಸಿದ್ದಾರೆ. ಸಂಯೋಜಕರನ್ನು ನೇರವಾಗಿ ಕೇಳು, ಹೇಳುತ್ತಾರೆ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇಂಗ್ಲಿಷ್ ಬಂದ ಮೇಲೆ ಮಾತನಾಡುತ್ತೇನೆ ಎಂದು ಕಾಯಬೇಡ. ಮುಂದಿನ ತರಗತಿಯ ವಿಷಯವನ್ನು ಎರಡು ದಿನ ಮೊದಲೇ ಕೇಳಿ ಪಡೆದುಕೊ. ಆಡಬೇಕಾದ ಮೊದಲ ವಾಕ್ಯವೊಂದನ್ನು ಬರೆದಿಟ್ಟುಕೊ, ಅದನ್ನು ಮೊದಲ ಹತ್ತು ನಿಮಿಷದೊಳಗೆ ಆಡಿಬಿಡು. ತಡವಾದಷ್ಟೂ ಗಂಟಲು ಕಟ್ಟುತ್ತದೆ. ಪದ ಸಿಗದಿದ್ದಲ್ಲಿ ಕನ್ನಡದಲ್ಲಿ ಹೇಳು. ಬೆಂಗಳೂರಿನ ತರಗತಿಯಲ್ಲಿ ಕನ್ನಡ ಆಡಿದ್ದಕ್ಕೆ ಯಾರಾದರೂ ಹುಬ್ಬೇರಿಸಿದರೆ ತಿದ್ದಿಕೊಳ್ಳಬೇಕಾದವರು ಅವರು.

ಶನಿವಾರದ ಮಾತಿಗೆ ಬರುತ್ತೇನೆ. ಇಂಥ ತರಬೇತಿಗಳ ವೇಳಾಪಟ್ಟಿ ಮಾಡುವವರು, ನನ್ನನ್ನೂ ಸೇರಿಸಿ, ಶನಿವಾರ ಎಲ್ಲರಿಗೂ ಬಿಡುವು ಎಂದುಕೊಂಡಿರುತ್ತೇವೆ. ಕೆಲವರಿಗೆ ಅದು ಸಂಬಳದ ದಿನ ಎಂದು ಯಾರೂ ಬಂದು ಹೇಳುವುದಿಲ್ಲ. ನೀನು ಹೇಳು. ಒಂದು ಪುಟ ಬರೆ: ಎಷ್ಟು ಗಂಟೆಯ ಕೆಲಸ, ಎಷ್ಟು ಹಣ ಹೋಗುತ್ತದೆ, ಯಾವ ಹೊತ್ತಿಗೆ ಬದಲಾದರೆ ಬರಬಲ್ಲೆ. ಸಂಕೋಚದಿಂದ ಬೇಡುವ ಕಾಗದವಾಗಬಾರದು, ಲೆಕ್ಕ ಒಪ್ಪಿಸುವ ಕಾಗದವಾಗಬೇಕು. ಬಿ.ಕಾಂ. ಓದುವವಳಿಗೆ ಹೇಳಿಕೊಡಬೇಕೇ? ಆ ಇಪ್ಪತ್ತನಾಲ್ವರಲ್ಲಿ ನಿನ್ನಂತೆಯೇ ಒಳಗೊಳಗೆ ನುಂಗಿಕೊಂಡು ಕುಳಿತವರು ಇನ್ನೂ ಒಬ್ಬಿಬ್ಬರು ಇರಬಹುದು. ಕೊಡುವ ಮೊದಲು ವಿಚಾರಿಸಿ ನೋಡು.

– ನಿವೃತ್ತ ಉಪನ್ಯಾಸಕಿ, ಜಯನಗರ

ಸಹೋದರಿ, ಬಿಡಬೇಡಿ ಎಂದು ಹೇಳುವವರು ಬಹಳ ಮಂದಿ ಇರುತ್ತಾರೆ. ನಾನು ಬಿಟ್ಟವನು. ಇಂಥದೇ ತರಬೇತಿಗೆ ಆಯ್ಕೆಯಾಗಿದ್ದೆ. ರಾತ್ರಿ ಹನ್ನೆರಡರವರೆಗೆ ಮನೆ ಮನೆಗೆ ಊಟ ತಲುಪಿಸುವ ಕೆಲಸ. ಮೂರನೇ ತಿಂಗಳಿಗೆ ದೇಹ ಕೇಳಲಿಲ್ಲ, ಹೋಗುವುದನ್ನು ನಿಲ್ಲಿಸಿದೆ. ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ, ಮನೆಗೆ ಆ ಹಣ ಬೇಕಿತ್ತು. ಬೇಸರವಿರುವುದು ಯಾರಿಗೂ ಹೇಳದೆ ಬಿಟ್ಟಿದ್ದಕ್ಕೆ. ಸಂಯೋಜಕರು ಎರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ. ನನ್ನ ಕುರ್ಚಿ ವರ್ಷವಿಡೀ ಖಾಲಿ ಉಳಿಯಿತು. ಕಾಯುವ ಪಟ್ಟಿಯಲ್ಲಿ ಮೊದಲು ಇದ್ದವಳು ನನ್ನ ತರಗತಿಯವಳೇ ಎಂದು ಕೊನೆಯ ವರ್ಷದಲ್ಲಿ ಗೊತ್ತಾಯಿತು. ಅವಳ ಮುಖ ನೋಡಲು ಕಷ್ಟವಾಯಿತು.

ಆದ್ದರಿಂದ ಏನೇ ಮಾಡುವುದಿದ್ದರೂ ಈ ತಿಂಗಳೊಳಗೆ ಬಾಯಿ ಬಿಟ್ಟು ಹೇಳಿ. ತರಬೇತಿಯಲ್ಲಿ ಪರಸ್ಥಳದ ಶಿಬಿರವಿದೆಯೇ, ಅದರ ಖರ್ಚು ಯಾರದು, ಎಷ್ಟು ಹಾಜರಾತಿ ಕಡ್ಡಾಯ, ಕೈಗೆತ್ತಿಕೊಳ್ಳುವ ಸಮುದಾಯ ಕೆಲಸಕ್ಕೆ ವಾರಕ್ಕೆ ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಕೇಳಿ ತಿಳಿದುಕೊಳ್ಳಿ. ನಾನು ಇದ್ಯಾವುದನ್ನೂ ಕೇಳಿರಲಿಲ್ಲ. ಬೇರೆ ದಾರಿ ಖಚಿತವಾಗುವವರೆಗೆ ಅಂಗಡಿಯ ಕೆಲಸ ಮಾತ್ರ ಬಿಡಬೇಡಿ.

– ಖಾಸಗಿ ಕಂಪನಿ ಉದ್ಯೋಗಿ, ರಾಜಾಜಿನಗರ

ನಾನೂ ಸೀರೆ ವ್ಯಾಪಾರದವನು. ತಾಯಿ, ನಿಮ್ಮ ಅಂಗಡಿಯ ಯಜಮಾನರನ್ನು ಒಂದು ಮಾತು ಕೇಳಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ. ನಮ್ಮಲ್ಲಿ ಶನಿವಾರ ಜನ ಮುತ್ತುವುದು ಮಧ್ಯಾಹ್ನದ ಊಟದ ನಂತರ. ಬೆಳಗಿನ ಹೊತ್ತು ಬಿಲ್ ಬರೆಯಲು ಇನ್ನೊಬ್ಬರಿದ್ದರೆ ನಡೆಯುತ್ತದೆ. ಆ ಗಂಟೆಗಳನ್ನು ವಾರದ ಎರಡು ಸಂಜೆಗಳಲ್ಲಿ ತುಂಬಿಕೊಡುತ್ತೇನೆ ಎಂದರೆ ಬೇಡವೆನ್ನುವ ಅಂಗಡಿಯವರು ಕಡಿಮೆ. ಲೆಕ್ಕ ತಪ್ಪದೆ ಬಿಲ್ ಬರೆಯುವ ಹುಡುಗಿ ಸಿಗುವುದು ಕಷ್ಟ. ಒಂದೇ ಮಾತು: ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರ ಮತ್ತು ಮದುವೆ ಮುಹೂರ್ತಗಳ ದಿನಗಳಲ್ಲಿ ರಜೆ ಕೇಳಬೇಡಿ.

– ಜವಳಿ ವ್ಯಾಪಾರಿ, ಗಾಂಧಿ ಬಜಾರ್

ತಂಗಿ, ಹಣದ ವಿಷಯ ಮೊದಲು ಹೇಳುತ್ತೇನೆ. ಸರ್ಕಾರಿ ವಿದ್ಯಾರ್ಥಿನಿಲಯ ಸಿಗದೆ ಹೊರಗೆ ಇದ್ದು ಓದುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ನೆರವಿದೆ. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಈಗಲೇ ನೋಡಿಕೊ. ಅದಿಲ್ಲದೆ ಕೊನೆಯ ದಿನ ನಾಡಕಚೇರಿಗೆ ಓಡಿದ ಮಕ್ಕಳನ್ನು ಎಷ್ಟೋ ಸಲ ಕಂಡಿದ್ದೇನೆ. ಅರ್ಹತೆಯ ನಿಯಮಗಳನ್ನು ನಿನ್ನ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೇಳು.

ಇನ್ನು ‘ಅದೆಲ್ಲ ನಮಗೆ ಬೇಡ’ ಎಂಬ ಅಪ್ಪನ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಒಬ್ಬ ಬಡ ಹುಡುಗ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಬಂದ. ಮರುವರ್ಷ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದ್ದು ಅದೇ ಹುಡುಗ. ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು ಅವರು. 1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಕಲಿತವನು ನಾನು. ಮೊದಲ ಪ್ರಶ್ನೆ ಕೇಳಿದ ದಿನ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ.

ನಿನ್ನ ತಂದೆ ಬೇಡವೆನ್ನುವುದು ನಿನ್ನ ಮೇಲಿನ ಅಪನಂಬಿಕೆಯಿಂದಲ್ಲ, ಅದೇನೆಂದು ಕಾಣದ ಅಂಜಿಕೆಯಿಂದ ಎಂದು ನನಗನಿಸುತ್ತದೆ. ಸಂಯೋಜಕರ ಒಪ್ಪಿಗೆ ಪಡೆದು ಒಂದು ಶನಿವಾರ ಅವರನ್ನು ಕರೆಸಿಕೊ. ಪಾವಗಡದಿಂದ ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಬರುತ್ತಾರೆ. ಅಮ್ಮನನ್ನೂ ಕರೆ. ಶಕ್ತಿ ಯೋಜನೆಯಿಂದಾಗಿ ಅವರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ.

– ನಿವೃತ್ತ ಎನ್‌ಎಸ್‌ಎಸ್ ಅಧಿಕಾರಿ, ಬಸವನಗುಡಿ